ಸೇವಂತಿಗೆ ಮನೆತನದ ಹೂ ಬಿಡಿಸಿ ನೋಡಿ ಅದು ಯಾವ ಪಂಗಡ ಅಂತ ಕಂಡುಹಿಡಿಯೋದು ಹೇಗೆ

ಸೂರ್ಯಕಾಂತಿ, ಚೆಂಡುಹೂ, ಕುಸುಬೆ, ಹುಚ್ಚೆಳ್ಳು, ದವನ, ರಸ್ತೆ ಪಕ್ಕದ ಪಾರ್ಥೇನಿಯಂ, ಇವೆಲ್ಲ ಒಂದೇ ಕುಟುಂಬ, ಆಸ್ಟರೇಸಿಯೇ, ಅಂದ್ರೆ ನಮ್ಮ ಸೇವಂತಿಗೆ ಮನೆತನ. ಪ್ರಪಂಚದಲ್ಲಿ ಸುಮಾರು 32,000 ಜಾತಿ ಇದಾವೆ, ಅಷ್ಟೂ ಹೆಸರು ಯಾರಿಗೂ ಬಾಯಿಗೆ ಬರಲ್ಲ, ಆದ್ರೆ ಒಳಗಿನ ಪಂಗಡ ಗುರುತಿಸೋದು ಕಲಿತ್ರೆ ದಾರೀಲಿ ಸಿಗೋ ಎಷ್ಟೋ ಗಿಡಗಳನ್ನ ಅವುಗಳ ನೆಂಟ್ರ ಪಕ್ಕ ಕೂರಿಸಬಹುದು. ಬಣ್ಣ, ಎಸಳು ನೋಡ್ಕೊಂಡು ಹೋದ್ರೆ ಮೋಸ ಹೋಗ್ತೀರ, ಒಳಗಡೆ ನೋಡ್ಬೇಕು.

10 ಪಟ್ಟು ದೊಡ್ಡದು ಮಾಡೋ ಹ್ಯಾಂಡ್ ಲೆನ್ಸ್, ಹೊಸ ಬ್ಲೇಡು, ಗುಂಡುಪಿನ್ನು, ಒಂದು ಬಿಳಿ ಹಾಳೆ, ಇಷ್ಟೇ ಸಾಕು. ಮಾರ್ಕೆಟ್ಟಿನ ದಪ್ಪ ಸೇವಂತಿಗೆಯಿಂದ ಶುರು ಮಾಡ್ಬೇಡಿ, ಅದರ ನಡುವಿನ ಹೂಗಳೂ ಎಸಳಾಗಿ ಬದಲಾಗಿರೋದ್ರಿಂದ ಏನೂ ಗೊತ್ತಾಗಲ್ಲ. ಬದು ಮೇಲೆ ಬೆಳೆಯೋ ಟ್ರೈಡ್ಯಾಕ್ಸ್ ತಗೊಳ್ಳಿ, ಕೆಲವು ಕಡೆ ಜಯಂತಿ ಅಂತಾರೆ, ಗಾಯಕ್ಕೆ ಸೊಪ್ಪು ಜಜ್ಜಿ ಹಚ್ತಾರಲ್ಲ ಅದೇ. ಪಾರ್ಥೇನಿಯಂ ಮಾತ್ರ ಬರಿಗೈಲಿ ಮುಟ್ಬೇಡಿ, ನಾನು ಒಂದ್ಸಲ ಮುಟ್ಟಿ ಕೈಯೆಲ್ಲ ತುರಿಕೆ ಎದ್ದು ವಾರ ಒದ್ದಾಡಿದೀನಿ.

ಈಗ ಟ್ರೈಡ್ಯಾಕ್ಸ್ ಹೂನ ತೊಟ್ಟಿನ ನೇರಕ್ಕೆ ಎರಡು ಹೋಳು ಮಾಡಿ. ಒಂದು ಹೂ ಅಂದ್ಕೊಂಡಿದ್ದು ಹತ್ತಾರು ಪುಟ್ಟ ಹೂಗಳ ಗೊಂಚಲು, ಎಲ್ಲ ಒಂದೇ ತಟ್ಟೆ ಮೇಲೆ ಕೂತಿರ್ತವೆ. ಸುತ್ತ ನಾಲ್ಕೈದು ಕೆನೆ ಬಣ್ಣದ ಎಸಳು ಕಾಣ್ತವಲ್ಲ, ಅದರಲ್ಲಿ ಒಂದೊಂದೂ ಒಂದೊಂದು ಹೂವೇ, ತುದೀಲಿ ಮೂರು ಹಲ್ಲು ಇರುತ್ತೆ ಎಣಿಸಿ. ನಡುವಿನ ಹಳದಿ ಕೊಳವೆಗೆ ಐದು ಹಲ್ಲು. ಪಿನ್ನಿಂದ ಒಂದು ಕೊಳವೆ ಎತ್ತಿ ಹಾಳೆ ಮೇಲಿಡಿ: ತಳದಲ್ಲಿ ಕಾಯಾಗೋ ಅಂಡಾಶಯ, ಅದರ ತಲೆ ಮೇಲೆ ಗರಿಯಂಥ ಕೂದಲು, ಒಳಗೆ ಕೇಸರಗಳು ಒಂದಕ್ಕೊಂದು ಅಂಟ್ಕೊಂಡು ಪೈಪ್ ಥರ ಆಗಿರ್ತವೆ. ಆ ಪೈಪಿನೊಳಗಿಂದ ಶಲಾಕೆ, ಅಂದ್ರೆ ಅಂಡಾಶಯದ ಮೇಲಿನ ಸಣ್ಣ ಕಡ್ಡಿ, ಪಿಚಕಾರಿ ದಂಡದ ಹಾಗೆ ಪರಾಗನ ಮೇಲಕ್ಕೆ ದೂಡ್ಕೊಂಡು ಬಂದು ಆಮೇಲೆ ಎರಡು ಕವಲಾಗಿ ಬಿಚ್ಕೊಳ್ಳುತ್ತೆ. ಪಂಗಡದ ಗುಟ್ಟು ಹೆಚ್ಚಾಗಿ ಆ ಎರಡು ಕವಲಲ್ಲೇ ಇರೋದು, ಫ್ರಾನ್ಸಿನ ಸಸ್ಯವಿಜ್ಞಾನಿ ಆನ್ರಿ ಕ್ಯಾಸಿನಿ 1810, 1820ರ ದಶಕಗಳಲ್ಲೇ ಇದನ್ನ ಹಿಡಿದು ಪಂಗಡ ಮಾಡಿದ್ರು, ಅದರಲ್ಲಿ ಎಷ್ಟೋ ಇವತ್ತಿಗೂ ನಿಂತಿದೆ.

ಮೊದಲು ಸುಲಭದ್ದು ನೋಡ್ಕೊಳ್ಳಿ. ಎಲೆ ಮುರಿದ್ರೆ ಹಾಲು ಬಂದು, ಎಲ್ಲಾ ಹೂಗಳೂ ಐದು ಹಲ್ಲಿನ ಪಟ್ಟಿ ಥರ ಇದ್ರೆ ಚಿಕೋರಿಯೇ ಪಂಗಡ. ರೊಟ್ಟಿ ಜೊತೆ ಹಸಿಯಾಗಿ ತಿನ್ನೋ ಹಕ್ಕರಿಕೆ, ಲೆಟ್ಯೂಸ್, ಕಾಫಿಪುಡಿಗೆ ಬೆರೆಸೋ ಚಿಕೋರಿ ಎಲ್ಲ ಇದರಲ್ಲೇ. ಬರೀ ಕೊಳವೆ, ಸುತ್ತ ಮುಳ್ಳು ಇದ್ರೆ ಕುಸುಬೆಯ ಪಂಗಡ. ಎಲೆನ ಬೆಳಕಿಗೆ ಹಿಡಿದಾಗ ಎಣ್ಣೆ ಚುಕ್ಕೆ ಮಿನುಗಿದ್ರೆ, ಹೂ ಕೆಳಗಿನ ಹಸಿರು ಎಲ್ಲಾ ಕೂಡ್ಕೊಂಡು ಬಟ್ಟಲಾಗಿದ್ರೆ ಚೆಂಡುಹೂವಿನದ್ದು. ಜರ್ಬೆರಾದ ಅಂಚಿನ ಹೂ ಕಿತ್ತು ನೋಡಿ, ಹೊರಗೆ ಉದ್ದ ತುಟಿ, ಒಳಗೆ ದಾರದಂಥ ಎರಡು ಸಣ್ಣ ತುಟಿ, ಅದು ಮ್ಯೂಟಿಸಿಯೇ, ಈ ಕುಟುಂಬದಲ್ಲಿ ಬಹಳ ಹಿಂದೆನೇ ಬೇರೆಯಾದ ಕವಲು.

ನಿಜವಾದ ಪರೀಕ್ಷೆ ಅಂದ್ರೆ ಸಹದೇವಿ ಮತ್ತೆ ಅಜೆರಾಟಮ್. ಎರಡೂ ತಗ್ಗು ಕಳೆ, ಎರಡಕ್ಕೂ ಸಣ್ಣ ನೇರಳೆ ಹೂ, ಸುತ್ತ ಎಸಳಿಲ್ಲ, ಒಂದೇ ಮನೆ ಮಕ್ಕಳು ಅನ್ಸುತ್ತೆ, ಹಿಂದೆ ಇವೆರಡರ ಪಂಗಡಗಳನ್ನ ಅಕ್ಕಪಕ್ಕನೇ ಇಡ್ತಿದ್ರು. ಲೆನ್ಸ್ ಹಿಡೀರಿ. ಸಹದೇವಿಯ ಕವಲು ಸಣ್ಣಗೆ ಚೂಪಾಗಿ ಹೊರಗಡೆ ಕೂದಲು ಕೂದಲಾಗಿದೆ, ಅಜೆರಾಟಮ್‌ದು ಉದ್ದಕ್ಕೆ ಹೊರಗೆ ಚಾಚ್ಕೊಂಡು ತುದಿ ಮೊಂಡಾಗಿದೆ. ಅಂಡಾಶಯದ ಮೇಲೆ ಸಹದೇವಿಗೆ ಬಿಳಿ ಕೂದಲು, ಅಜೆರಾಟಮ್‌ಗೆ ಮೊನೆ ಇರೋ ಐದು ಚಿಪ್ಪು. ಎಲೆನೂ ನೋಡಿ, ಸಹದೇವಿದು ಪರ್ಯಾಯ, ಅಂದ್ರೆ ಗೆಣ್ಣಿಗೊಂದು, ಅಜೆರಾಟಮ್‌ದು ಎದುರುಬದುರು. ಡಿಎನ್‌ಎ ಬಂದ್ಮೇಲೆ ಗೊತ್ತಾಗಿದ್ದೇನು ಅಂದ್ರೆ ಅಜೆರಾಟಮ್, ಕಮ್ಯುನಿಸ್ಟ್ ಗಿಡ ಇರೋ ಯುಪಟೋರಿಯೇ ಪಂಗಡ ಸೂರ್ಯಕಾಂತಿ ಬಳಗದ ಒಳಗೇ ಬರುತ್ತೆ, ಅಂದ್ರೆ ಅಜೆರಾಟಮ್‌ಗೆ ಸಹದೇವಿಗಿಂತ ಸೂರ್ಯಕಾಂತಿನೇ ಹತ್ತಿರದ ನೆಂಟ! ಇದನ್ನ ಮೊದಲ ಸಲ ತಿಳ್ಕೊಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಇನ್ನೂ ಹಿಂದಕ್ಕೆ ಹೋಗೋಕೆ ಲೆನ್ಸ್ ಸಾಲಲ್ಲ. 1987ರಲ್ಲಿ ಜಾನ್ಸೆನ್ ಮತ್ತೆ ಪಾಮರ್ ಅನ್ನೋ ವಿಜ್ಞಾನಿಗಳು ಕ್ಲೋರೋಪ್ಲಾಸ್ಟ್ (ಎಲೆಯೊಳಗಿನ ಹಸಿರು ಕಣ) ಡಿಎನ್‌ಎ ನೋಡಿದಾಗ ಸುಮಾರು 22,000 ಅಕ್ಷರದ ಒಂದು ತುಂಡು ತಲೆಕೆಳಗಾಗಿ ಕೂತಿರೋದು ಕಾಣಿಸ್ತು, ಈ ಕುಟುಂಬದಲ್ಲಿ ದಕ್ಷಿಣ ಅಮೆರಿಕದ ಬಾರ್ನಡೀಸಿಯಾ ಗುಂಪು ಒಂದನ್ನ ಬಿಟ್ಟು. ಅಂದ್ರೆ ಆ ತುಂಡು ತಲೆಕೆಳಗಾಗೋಕೆ ಮುಂಚೆನೇ ಆ ಗುಂಪು ಬೇರೆಯಾಗಿತ್ತು, ಹಾಗಾಗಿ ಮೊದಲು ಕವಲೊಡೆದಿದ್ದು ಅದೇ ಅಂತ ಆಯ್ತು. ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾದಲ್ಲಿ ಈ ಕುಟುಂಬದ ಸುಮಾರು 4.75 ಕೋಟಿ ವರ್ಷ ಹಳೇ ಹೂಗೊಂಚಲಿನ ಪಳೆಯುಳಿಕೆನೂ ಸಿಕ್ಕಿದೆ.

ಕೊನೇಲಿ ದವನ ನೋಡಿ. ಎಸಳೇ ಇಲ್ಲದ ಪುಟಾಣಿ ಹೂ, ಸೇವಂತಿಗೆಗೂ ಇದಕ್ಕೂ ಏನು ಸಂಬಂಧ ಅನ್ಸುತ್ತೆ. ಎರಡರ ಹೂವನ್ನೂ ಬೋರಲು ಹಾಕಿ ಕೆಳಗಿನ ಹಸಿರು ಪದರ ನೋಡಿ, ಅಂಚು ಒಣಗಿದ ಈರುಳ್ಳಿ ಸಿಪ್ಪೆ ಥರ ತೆಳ್ಳಗಿರುತ್ತೆ, ಎಲೆ ಉಜ್ಜಿದ್ರೆ ಎರಡಕ್ಕೂ ಗಾಢ ವಾಸನೆ. ಎರಡೂ ಆಂಥೆಮಿಡಿಯೇ ಪಂಗಡ. ಹೂವಾಡಗಿತ್ತಿ ಸೇವಂತಿಗೆ ಮಧ್ಯೆ ದವನ ಸೇರಿಸಿ ಕಟ್ಟೋ ಮಾರಲ್ಲಿ ಪಕ್ಕ ಪಕ್ಕ ಕೂತಿರೋದು ಒಂದೇ ಪಂಗಡದ ಎರಡು ಗಿಡ.