ಒಂದೂವರೆ ಇಂಚು ಮರ ಕೊಯ್ದ ಮೇಲೆ

ಮೊನ್ನೆ ಭಾನುವಾರ, ಗಾಳಿಗೆ ಎಸೆದ ಬಿಲ್ಲೆಗಳನ್ನು, ಅಂದರೆ ಕ್ಲೇಗಳನ್ನು, ಹೊಡೆಯುವ ಸ್ಕೀಟ್ ಆಟದಲ್ಲಿ 25ಕ್ಕೆ 22 ಒಡೆದೆ. ಅದೂ ಪಂಪ್ ಕೋವಿಯಲ್ಲಿ, ಅಂದರೆ ಪ್ರತಿ ಈಡಿಗೂ ಮುಂದಿನ ಹಿಡಿಯನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ತೋಟೆ ಏರಿಸಬೇಕಾದ ಕೋವಿಯಲ್ಲಿ. ಪಕ್ಕದಲ್ಲಿ ಎರಡೂವರೆ ಸಾವಿರ ಡಾಲರಿನ ಜೋಡಿ ನಳಿಗೆ ಕೋವಿ ಹಿಡಿದಿದ್ದ ಗೆಳೆಯನಿಗೆ 20. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ. ಎರಡು ವರ್ಷ ಇವರೆಲ್ಲ ನನ್ನ ಕೋವಿಯನ್ನು ಮಕ್ಕಳ ಕೋವಿ ಅಂತ ಆಡಿಕೊಂಡಿದ್ದಾರೆ.

ನಾನು ಕೊಡಗಿನವನು. ಈಗ ಟೆಕ್ಸಾಸಿನಲ್ಲಿ, ಡಾಲಸ್ ಹತ್ತಿರ ಇದ್ದೇನೆ. ಊರಲ್ಲಿ ಅಜ್ಜನ ಒಂಟಿ ನಳಿಗೆ ಕೋವಿ ಇತ್ತು. ನಮ್ಮ ಆಯುಧಪೂಜೆ ಹಬ್ಬವಾದ ಕೈಲ್‌ಪೋದಿಗೆ ಅದರ ತುದಿಗೆ ತೋಕ್‌ಪೂ ಹೂವು ಸಿಕ್ಕಿಸುವುದು, ತೆಂಗಿನಕಾಯಿಗೆ ನಾಲ್ಕು ಈಡು ಹೊಡೆಯುವುದು, ನನ್ನ ಅನುಭವ ಅಷ್ಟೇ. ಆದರೂ ಕೊಡಗಿನವನು ತಾನೇ, ಕೋವಿ ಏನು ಮಹಾ ಅನ್ನೋ ಜಂಬ ಇತ್ತು. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವಷ್ಟು ದಿನ ಸ್ವಂತ ಕೋವಿಯ ತಂಟೆಗೆ ಹೋಗಲಿಲ್ಲ. ಗ್ರೀನ್ ಕಾರ್ಡ್ ಬಂದ ತಿಂಗಳೇ ಅಂಗಡಿಗೆ ಹೋದೆ.

ಮೊದಲ ತಪ್ಪು ಅಲ್ಲೇ ಆಯಿತು. ಹದಿನೆಂಟೂವರೆ ಇಂಚು ನಳಿಗೆಯ, ಮನೆ ಕಾವಲಿಗೆ ಇಟ್ಟುಕೊಳ್ಳುವಂಥ ಕಪ್ಪು ಕೋವಿ. ಹೊಸದು, ಸುಮಾರು 350 ಡಾಲರ್. ನೋಡಲು ಭರ್ಜರಿ. ಸ್ಕೀಟಿನಲ್ಲಿ 25ಕ್ಕೆ 4. ಮುಂದೆ ತೂಕವೇ ಇಲ್ಲ, ಕ್ಲೇ ಹಿಂದೆ ಬೀಸಿದರೆ ನಳಿಗೆ ಅರ್ಧದಲ್ಲಿ ನಿಂತುಬಿಡುತ್ತದೆ. ಮೂರು ತಿಂಗಳಲ್ಲಿ 220ಕ್ಕೆ ಮಾರಿದೆ.

ಆಮೇಲೆ ಶುರುವಾಯಿತು ಸಲಹೆಗಳ ಮಳೆ. ರೆಮಿಂಗ್ಟನ್ 870 ತಗೋ, 1950ರಿಂದ ಬರ್ತಾ ಇದೆ, ಉಕ್ಕಿನ ಮೈ ಅಂತ ಒಬ್ಬರು. ಮಾಸ್‌ಬರ್ಗ್ 500 ತಗೋ, ಸೇಫ್ಟಿ ಬಟನ್ ಕೋವಿಯ ಮೇಲ್ಭಾಗದಲ್ಲಿ, ಹೆಬ್ಬೆರಳಿಗೇ ಸಿಗುತ್ತೆ ಅಂತ ಇನ್ನೊಬ್ಬರು. ಎರಡೂ ಒಳ್ಳೆಯವೇ. ನಾನು ಎಡಗೈಯವನು, ಮೇಲಿರುವ ಸೇಫ್ಟಿ ಎರಡೂ ಕೈಗೆ ಒಂದೇ, ಅದಕ್ಕೆ 500. ಅಡವಿನ ಅಂಗಡಿಯಲ್ಲಿ ಹಳೆಯದು ಸಿಕ್ಕಿತು. 12 ಬೋರ್, 28 ಇಂಚು ನಳಿಗೆ, ಭುಜಕ್ಕೆ ಒತ್ತುವ ಮರದ ಸ್ಟಾಕ್, ಚರೆ ಎಷ್ಟು ಹರಡಬೇಕು ಅಂತ ನಿರ್ಧರಿಸುವ, ನಳಿಗೆ ತುದಿಗೆ ತಿರುಗಿಸಿ ಹಾಕುವ ಮೂರು ಚೋಕ್. 240 ಡಾಲರ್.

ಆದರೂ 9, 10ರ ಮೇಲೆ ಏರಲಿಲ್ಲ. ಕೆನ್ನೆ ಊದಿಕೊಂಡಿತು. ತೋಳು ನೀಲಿಗಟ್ಟಿತು. ಅದಕ್ಕಿಂತ ಅವಮಾನ ಅಂದರೆ ಜೋಡಿ ಕ್ಲೇ ಬಂದಾಗ ಎರಡನೆಯದಕ್ಕೆ ಟ್ರಿಗರ್ ಎಳೆದರೆ "ಟಿಕ್" ಅಷ್ಟೇ. ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದಿರಲಿಲ್ಲ. ಪಂಪ್ ಬಿಟ್ಟು, ಈಡಿನ ಬಲದಿಂದ ತಾನೇ ತೋಟೆ ಏರಿಸಿಕೊಳ್ಳುವ ಆಟೊ ತಗೋ ಅಂದರು ಎಲ್ಲರೂ. ಅದಕ್ಕೆ ಸಾವಿರ ಡಾಲರ್ ಯಾರು ಕೊಡುತ್ತಾರೆ?

ಒಂದು ರಾತ್ರಿ ಖಾಲಿ ಕೋವಿಯನ್ನು ಎರಡು ಸಲ ನೋಡಿಕೊಂಡು, ಕನ್ನಡಿ ಮುಂದೆ ಭುಜಕ್ಕೆ ಏರಿಸಿದೆ. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಸ್ಟಾಕ್ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಮುಂದಿನ ಹಿಡಿಗೆ ಕೈ ಪೂರ್ತಿ ಚಾಚಬೇಕಿತ್ತು. ಚಾಚಿದ ಕೈಯಲ್ಲಿ ಎಳೆಯುವ ಬಲ ಎಲ್ಲಿ ಬರಬೇಕು? ತಲೆಯೂ ಮರದ ಮೇಲೆ ಸರಿಯಾಗಿ ಕೂರದೆ ಮೇಲೆದ್ದಿತ್ತು. ತಲೆ ಎದ್ದರೆ ಈಡು ಕ್ಲೇ ಮೇಲೆ ಹೋಗುತ್ತೆ, ಅದು ನಿಮಗೆ ಗೊತ್ತಿರೋದೇ. ಟೇಪ್ ಹಿಡಿದೆ. ಟ್ರಿಗರಿನಿಂದ ಹಿಂದಿನ ತುದಿಗೆ 14 ಇಂಚು. ನನಗೆ ಬೇಕಾದದ್ದು 13.

ಮಕ್ಕಳ ಸ್ಟಾಕ್ ಸಿಗುತ್ತದೆ, ನಿಜ. ನಾನು ಕೊಯ್ಯಲು ಹೊರಟೆ. ಹಿಂದಿನ ರಬ್ಬರಿನ ಎರಡು ಸ್ಕ್ರೂ ಬಿಚ್ಚಿ, ಮರದ ಸುತ್ತ ಟೇಪ್ ಬಿಗಿಯಾಗಿ ಸುತ್ತಿ, ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಲ್ಲಿ ನಿಧಾನಕ್ಕೆ ಒಂದು ಇಂಚು ಕೊಯ್ದೆ. ಅಚ್ಚುಕಟ್ಟಾಗಿ ಬಂತು. ಒಂದು ಇಂಚು ದಪ್ಪದ ಮೆತ್ತನೆ ರಬ್ಬರ್ ಹಾಕಿ ಅಳೆದರೆ 13½! ಹಳೆಯದು ಅರ್ಧ ಇಂಚಿನದು, ಹೊಸದು ಒಂದು ಇಂಚಿನದು. ಆ ಲೆಕ್ಕ ತಲೆಗೇ ಬಂದಿರಲಿಲ್ಲ. ಇಂಜಿನಿಯರಿಂಗ್ ಓದಿ ಇದಕ್ಕಾ?

ಎರಡನೇ ಸಲ ಅರ್ಧ ಇಂಚು ಕೊಯ್ಯುವಾಗ ಅವಸರ ಮಾಡಿದೆ. ಗರಗಸ ಓರೆಯಾಯಿತು, ಸ್ಟಾಕಿನ ಕೆಳತುದಿ ಎದೆಗೆ ಚುಚ್ಚತೊಡಗಿತು. ಅರ ಹಾಕಿ ಹಾಕಿ, ತೆಳು ಪ್ಲಾಸ್ಟಿಕ್ ಕೊಟ್ಟು ಸರಿಮಾಡಲು ಎರಡು ವಾರಾಂತ್ಯ ಹೋಯಿತು. ಯಾವ ಕೋನಕ್ಕೆ ನಿಲ್ಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ರಬ್ಬರಿಗೆ ಸುಮಾರು 25 ಡಾಲರ್, ಗರಗಸ 12. ಒಂದೂವರೆ ಇಂಚಿನ ಮರದ ತುಂಡುಗಳು ಇನ್ನೂ ಮೇಜಿನ ಮೇಲಿವೆ.

ಹೊಸ ಸ್ಟಾಕಿನ ಮೊದಲ ಸ್ಕೀಟಿಗೇ 14. ಆಮೇಲೆ ಈಡು ಹಗುರ ಮಾಡಿದೆ. ತೋಟೆಯೊಳಗೆ 32 ಗ್ರಾಂ ಚರೆ ಬಿಟ್ಟು 24 ಗ್ರಾಂ, ಸಣ್ಣ ಗಾತ್ರದ ನಂಬರ್ 8 ಚರೆ. ಆಟೊ ಇರುವ ಗೆಳೆಯನ ಕೋವಿ ಇದೇ ತೋಟೆಗೆ ಮುಷ್ಕರ ಹೂಡಿತು, ನಾಲ್ಕಕ್ಕೆ ಒಂದು ಸಿಕ್ಕಿಕೊಂಡಿತು. ಪಂಪಿಗೆ ಆ ಗೋಳಿಲ್ಲ. ಎಳೆಯುವುದು ನನ್ನ ಕೈ, ತೋಟೆ ಹಗುರ ಆದರೇನು? ಹೊಡೆತ ಕಡಿಮೆ ಆದ ಮೇಲೆ ನೂರು ತೋಟೆ ಹೊಡೆದರೂ ಭುಜ ನೋಯುತ್ತಿರಲಿಲ್ಲ. ಅಭ್ಯಾಸ ಜಾಸ್ತಿ ಆಯಿತು. ಸಂಜೆ ಹೊತ್ತು ಡಮ್ಮಿ ತೋಟೆ ಹಾಕಿ ಎಳೆಯೋದು, ತಳ್ಳೋದು. ಹೆಂಡತಿ "ಈ ಕಟಕಟ ನಿಲ್ಲಿಸ್ರೀ" ಅನ್ನುವವರೆಗೆ.

ಮಧ್ಯೆ ಕೈಲ್‌ಪೋದು ಬಂತು. ಇಂಡಿಯನ್ ಅಂಗಡಿಯಿಂದ ಆರು ತೆಂಗಿನಕಾಯಿ ತಂದು, ಪರಿಚಯದವರ ರ‍್ಯಾಂಚಿನಲ್ಲಿ ಮಣ್ಣಿನ ದಿಬ್ಬದ ಮುಂದೆ ಕಂಬಕ್ಕೆ ಕಟ್ಟಿ, ಇದೇ 24 ಗ್ರಾಂ ಪರೀಕ್ಷೆ ಮಾಡಿದೆ. 25 ಗಜದಲ್ಲಿ ಕಾಯಿಗೆ ಬರೀ ಗೀರು. 15 ಗಜಕ್ಕೆ ಬಂದು, ಚರೆ ಕಡಿಮೆ ಹರಡುವ ಮಾಡಿಫೈಡ್ ಚೋಕ್ ಹಾಕಿದಾಗ ಒಡೆಯಿತು. ಅದೇ ದಿನ ಕಂದು ಕಾಗದ ಹರಡಿ 25 ಗಜದಲ್ಲಿ ಮೂರೂ ಚೋಕ್ ನೋಡಿದೆ. ಇಂಪ್ರೂವ್ಡ್ ಸಿಲಿಂಡರ್ ಅನ್ನೋ ಸಡಿಲ ಚೋಕಿನದು ಸಮನಾಗಿ ಹರಡಿತ್ತು, ಸ್ಕೀಟಿಗೂ ಹಕ್ಕಿಗೂ ಅದನ್ನೇ ಉಳಿಸಿಕೊಂಡೆ. ನಳಿಗೆಯ ಕೆಳಗೆ ತೂಕ ಸೇರಿಸಿಯೂ ನೋಡಿದ್ದೇನೆ. ಅದು ಕೆಲಸ ಮಾಡಿತು. ಎಷ್ಟು ತೂಕ, ಎಲ್ಲಿ, ಅದನ್ನು ಮಾತ್ರ ಕೇಳಬೇಡಿ.

ಬೇಟೆ ಅಂದರೆ ನನ್ನದು ಡವ್, ನಮ್ಮ ಕಾಡು ಪಾರಿವಾಳದ ಜಾತಿಯದು. ಇಲ್ಲಿ ಸೆಪ್ಟೆಂಬರ್ 1ಕ್ಕೆ ಶುರು, ದಿನಕ್ಕೆ 15 ಮಿತಿ. ಹಂಟರ್ ಎಜುಕೇಶನ್ ಮುಗಿಸಿ, ಲೈಸೆನ್ಸು, ವಲಸೆ ಹಕ್ಕಿಯ ಚೀಟಿ ಎಲ್ಲ ಮಾಡಿಸಿಕೊಂಡಿದ್ದೆ. ಸೂರ್ಯಕಾಂತಿ ಹೊಲದ ಬಾಡಿಗೆ ಒಂದು ದಿನಕ್ಕೆ ನೂರು ಡಾಲರ್ ಮೇಲೆ. ಮೊದಲ ವರ್ಷ, ಉದ್ದ ಸ್ಟಾಕಿನಲ್ಲಿ, ಎರಡು ಡಬ್ಬಿ ತೋಟೆಗೆ ಮೂರು ಹಕ್ಕಿ. ಒಂದೊಂದು ಹಕ್ಕಿಗೆ ನಲವತ್ತು ಡಾಲರಿಗೂ ಮೇಲೆ ಬಿತ್ತು. ಕೊಯ್ದ ಮೇಲಿನ ವರ್ಷ ಇನ್ನೂ ದೊಡ್ಡ ಎಡವಟ್ಟು. ಕಾರಿನಿಂದ ಇಳಿದ ಮೇಲೆ ನೆನಪಾಯಿತು, ಮ್ಯಾಗಜೀನಿಗೆ, ಅಂದರೆ ತೋಟೆ ತುಂಬುವ ಕೊಳವೆಗೆ, ಜಾಗ ಕಡಿಮೆ ಮಾಡುವ ಪ್ಲಗ್ ಕೋಲು ಹಾಕಿಲ್ಲ. ವಲಸೆ ಹಕ್ಕಿಗೆ ಒಟ್ಟು ಮೂರಕ್ಕಿಂತ ಜಾಸ್ತಿ ತೋಟೆ ಹಿಡಿಯುವ ಕೋವಿ ನಡೆಯಲ್ಲ. ಕ್ಲೇ ಹೊಡೆಯುವಾಗ ತೆಗೆದಿಟ್ಟ ಕೋಲು ಮನೆಯಲ್ಲೇ ಉಳಿದಿತ್ತು. ಬೆಳಗಿನ ಹಾರಾಟ ಪೂರ್ತಿ ಕಾರಿನಲ್ಲಿ ಕೂತು ನೋಡಿದೆ. ಈಗ ಆ ಕೋಲನ್ನು ತೆಗೆಯುವುದೇ ಇಲ್ಲ. ಸ್ಕೀಟಿಗೆ ಎರಡೇ ತೋಟೆ ಸಾಕಲ್ವಾ?

ಈ ಸಲ ಮೂರು ಡಬ್ಬಿ ಖರ್ಚಾದವು, ಹನ್ನೊಂದು ಹಕ್ಕಿ ಬಿದ್ದವು. ಎದೆ ಮಾಂಸ ಬಿಡಿಸಿ, ಊರಿಂದ ತಂದ ಕಪ್ಪು ಹುಳಿ, ಅದೇ ಕಾಚಂಪುಳಿ, ಹಾಕಿ ಪಂದಿಕರಿ ಮಸಾಲೆಯಲ್ಲೇ ಮಾಡಿದೆ. ಮಾಂಸ ಸ್ವಲ್ಪ ಬಿಗಿಯಾಯಿತು, ಒಲೆ ಮೇಲೆ ಜಾಸ್ತಿ ಹೊತ್ತು ಬಿಟ್ಟಿದ್ದೆ. ಜೋಡಿ ನಳಿಗೆ ಗೆಳೆಯನೂ ಊಟಕ್ಕೆ ಬಂದಿದ್ದ. ಎರಡು ಸಲ ಬಡಿಸಿಕೊಂಡ. ಹೋಗುವಾಗ, ಹೆಂಡತಿಗೊಂದು ಪಂಪ್ ನೋಡುತ್ತಿದ್ದೇನೆ, ಆ ಗರಗಸ ಇನ್ನೂ ಇದೆಯಾ ಅಂತ ಕೇಳಿದ.