ಇಲಿಯಿಂದ ಬರುವ ಲಾಡಿಹುಳು: ದಾರಿಯನ್ನು ಗುರುತಿಸಿ ತಡೆಯುವುದು ಹೇಗೆ?

ಮನೆಯಲ್ಲಿ ಇಲಿ ಕಾಣಿಸಿಕೊಂಡರೆ ಹೆಚ್ಚಿನವರ ಯೋಚನೆ ಅದನ್ನು ಹಿಡಿಯುವುದಕ್ಕೋ ಕೊಲ್ಲುವುದಕ್ಕೋ ಸೀಮಿತವಾಗಿರುತ್ತದೆ. ಇಲಿ ಸತ್ತ ಮೇಲೂ ಅದರ ಹಿಕ್ಕೆ ಡಬ್ಬಿಗಳ ಹಿಂದೆ ಉಳಿದಿರುತ್ತದೆ. ಆ ಹಿಕ್ಕೆಯನ್ನು ತಿಂದ ಕೀಟ ಹಿಟ್ಟಿನಲ್ಲಿ ಹರಿದಾಡುತ್ತಿರುತ್ತದೆ. ಲಾಡಿಹುಳು ಇಲಿ ಕಚ್ಚುವುದರಿಂದ ಬರುವುದಿಲ್ಲ. ಅದು ಯಾವಾಗಲೂ ಬಾಯಿಯ ಮೂಲಕವೇ ಒಳಸೇರುತ್ತದೆ, ಮತ್ತು ಒಂದೊಂದು ಜಾತಿಯ ಲಾಡಿಹುಳುವಿಗೂ ಅದರದೇ ಆದ ದಾರಿಯಿದೆ. ಆ ದಾರಿ ಯಾವುದೆಂದು ತಿಳಿದರೆ ಅದನ್ನು ಎಲ್ಲಿ ಕಡಿಯಬೇಕೆಂಬುದೂ ತಿಳಿಯುತ್ತದೆ.

ಮೊದಲು ಹುಳುಗಳನ್ನು ತಿಳಿಯಿರಿ

ನಗರದ ಇಲಿ, ಹೆಗ್ಗಣಗಳಲ್ಲಿ ಸಾಮಾನ್ಯವಾಗಿ ಸಿಗುವ ಲಾಡಿಹುಳು ಹೈಮೆನೊಲೆಪಿಸ್ ಡಿಮಿನ್ಯೂಟ. ಇಲಿಯ ಸಣ್ಣ ಕರುಳಿನಲ್ಲಿ 20ರಿಂದ 60 ಸೆಂಟಿಮೀಟರ್ ಉದ್ದ ಬೆಳೆಯುವ ಈ ಹುಳುವಿನ ಮೊಟ್ಟೆ ಹಿಕ್ಕೆಯೊಡನೆ ಹೊರಬರುತ್ತದೆ. ಆ ಮೊಟ್ಟೆಯನ್ನು ಮನುಷ್ಯರು ನೇರವಾಗಿ ನುಂಗಿದರೆ ಅದು ಬೆಳೆಯದು. ಮೊದಲು ಅದನ್ನು ಹಿಟ್ಟಿನ ಹುಳುವೋ ಚಿಗಟವೋ ತಿನ್ನಬೇಕು. ಆ ಕೀಟದ ದೇಹದೊಳಗೆ ಮರಿಹುಳುವಾಗಿ ಬಲಿಯಬೇಕು. ಬಳಿಕ ಆ ಕೀಟವನ್ನು ಇಲಿಯೋ ಮನುಷ್ಯರೋ ನುಂಗಬೇಕು. ಕೀಟದೊಳಗಿನ ಈ ಬೆಳವಣಿಗೆಗೆ ಬೆಚ್ಚಗಿನ ವಾತಾವರಣದಲ್ಲಿ ಸುಮಾರು ಎರಡು ವಾರ ಸಾಕು.

ಎರಡನೆಯದು ಕುಬ್ಜ ಲಾಡಿಹುಳು, ಅಂದರೆ ಹೈಮೆನೊಲೆಪಿಸ್ ನಾನ. ಜರ್ಮನಿಯ ವೈದ್ಯ ಥಿಯೋಡೋರ್ ಬಿಲ್‌ಹಾರ್ಜ್ 1851ರಲ್ಲಿ ಕೈರೋದಲ್ಲಿ ಇದನ್ನು ಮೊದಲು ಗುರುತಿಸಿದರು. ಉದ್ದ ನಾಲ್ಕು ಸೆಂಟಿಮೀಟರ್ ದಾಟುವುದು ಅಪರೂಪ. ಗಾತ್ರದಲ್ಲಿ ಚಿಕ್ಕದಾದರೂ ಹರಡುವುದರಲ್ಲಿ ಇದೇ ಮುಂದು, ಏಕೆಂದರೆ ಇದಕ್ಕೆ ನಡುವೆ ಕೀಟ ಇರಲೇಬೇಕೆಂದಿಲ್ಲ. ಮಲದೊಡನೆ ಬಂದ ಮೊಟ್ಟೆ ಕೂಡಲೇ ಸೋಂಕು ತಗಲಿಸಬಲ್ಲದು, ಒಬ್ಬರ ಕರುಳಿನೊಳಗೇ ಮೊಟ್ಟೆಯೊಡೆದು ಮತ್ತೆ ಬೆಳೆಯಲೂ ಬಲ್ಲದು. ಇದು ಇಲಿಗಳಲ್ಲೂ ಇರುತ್ತದೆ, ಆದರೆ ಮನುಷ್ಯರಿಂದ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಂದ ಮಕ್ಕಳಿಗೆ, ಹರಡುವುದೇ ಹೆಚ್ಚು. ಎಲ್ಲವನ್ನೂ ಇಲಿಯ ಮೇಲೆ ಹೊರಿಸಿ ಕೈ ತೊಳೆಯುವುದನ್ನು ಮರೆತರೆ ಈ ಹುಳು ಮನೆ ಬಿಟ್ಟು ಹೋಗದು.

ಉಳಿದೆರಡು ಜಾತಿಗಳಲ್ಲಿ ಇಲಿಯ ಪಾತ್ರವೇ ಬೇರೆ. ಬೆಕ್ಕಿನ ಕರುಳಿನಲ್ಲಿ ಬೆಳೆಯುವ ಟೀನಿಯ ಟೀನಿಯಫಾರ್ಮಿಸ್ ಎಂಬ ಲಾಡಿಹುಳುವಿನ ಮರಿಗಳು ಇಲಿಯ ಯಕೃತ್ತಿನಲ್ಲಿ ಬಿಳಿಯ ಗುಳ್ಳೆಗಳಾಗಿ ಕಾದಿರುತ್ತವೆ, ಬೆಕ್ಕು ಇಲಿಯನ್ನು ತಿಂದಾಗ ಸುತ್ತು ಪೂರ್ಣಗೊಳ್ಳುತ್ತದೆ. ಎಕಿನೊಕಾಕಸ್ ಮಲ್ಟಿಲೊಕ್ಯುಲಾರಿಸ್ ಎಂಬುದು ಭೂಮಿಯ ಉತ್ತರಾರ್ಧದ ತಂಪು ಸೀಮೆಗಳದು. ಅಲ್ಲಿ ನರಿ, ನಾಯಿಗಳ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳು ಇರುತ್ತದೆ, ಅದರ ಮರಿ ವೋಲ್ ಎಂಬ ಗಿಡ್ಡ ಬಾಲದ ಇಲಿಗಳ ದೇಹದಲ್ಲಿ ಬೆಳೆಯುತ್ತದೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದೊಳಗೆ ನೆಲೆಸಿದ ನರಿಗಳಲ್ಲೂ ವೋಲ್‌ಗಳಲ್ಲೂ ಇದು ಕಂಡುಬಂದಿದೆ. ಇದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ಗಡ್ಡೆಯಂತೆ ಹಬ್ಬುತ್ತದೆ. ಲಕ್ಷಣಗಳು ಕಾಣಿಸಿಕೊಳ್ಳುವುದಕ್ಕೆ 5ರಿಂದ 15 ವರ್ಷ ಹಿಡಿಯುವುದರಿಂದ, ಇಲ್ಲಿ ಹೇಳಿದ ನಾಲ್ಕರಲ್ಲಿ ಅತ್ಯಂತ ಅಪಾಯಕಾರಿ ಇದೇ.

ಹಿಕ್ಕೆಯನ್ನು ಗುಡಿಸಬೇಡಿ

ಒಲೆಯ ಹಿಂಬದಿ, ಕಪಾಟಿನ ಮೂಲೆ, ಗೋಡೆಯಂಚು, ಕೊಳವೆ ಗೋಡೆಯನ್ನು ತೂರುವ ಜಾಗ, ಇವನ್ನು ಟಾರ್ಚ್ ಹಿಡಿದು ನೋಡಿ. ಹಿಕ್ಕೆ ಕಂಡೊಡನೆ ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಎತ್ತಿಕೊಳ್ಳಬೇಡಿ. ಒಣ ಹಿಕ್ಕೆಯ ಧೂಳಿನಿಂದ ಹರಡುವ ಹಂಟಾವೈರಸ್‌ನಂಥ ಬೇರೆ ರೋಗಗಳೂ ಇವೆ. ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ರಬ್ಬರ್ ಕೈಗವಸು ಹಾಕಿಕೊಂಡು, ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಭಾಗ ನೀರು ಸೇರಿಸಿ ಹಿಕ್ಕೆಯ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಬಿಸಾಡಬಹುದಾದ ಕಾಗದದಿಂದ ಒರೆಸಿ ತೆಗೆಯಿರಿ. ಬ್ಲೀಚ್ ರೋಗಾಣುಗಳನ್ನು ಕೊಲ್ಲುತ್ತದೆ ನಿಜ, ಆದರೆ ಲಾಡಿಹುಳುವಿನ ಮೊಟ್ಟೆಗಳ ವಿಷಯದಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ. ಒರೆಸಿ ತೆಗೆದು, ಚೀಲದಲ್ಲಿ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕುವುದೇ ಮುಖ್ಯ ಕೆಲಸ. ಆಮೇಲೆ ಕೈಗವಸು ತೆಗೆದು ಸೋಪಿನಿಂದ ಕೈ ತೊಳೆಯಬೇಕು. ಸತ್ತ ಇಲಿಯನ್ನೂ ಹೀಗೆಯೇ ಒದ್ದೆ ಮಾಡಿ, ಎರಡು ಚೀಲಗಳಲ್ಲಿ ಕಟ್ಟಿ ಸಾಗಿಸಿ.

ಹಿಟ್ಟಿನ ಡಬ್ಬಿ

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಜಾಗ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲಿಯ ಹುಳು ಮನುಷ್ಯರ ಕರುಳಿಗೆ ದಾಟುವ ಸೇತುವೆಯೆಂದರೆ ಹಿಟ್ಟು, ಧಾನ್ಯಗಳಲ್ಲಿ ಓಡಾಡುವ ಕೆಂಪು ಬಣ್ಣದ ಸಣ್ಣ ಕೀಟ. ಚೀಲದಲ್ಲೇ ಕಟ್ಟಿಟ್ಟ ಧಾನ್ಯಕ್ಕೆ ಇಲಿ ಸುಲಭವಾಗಿ ಬಾಯಿ ಹಾಕುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ, ಅಲ್ಲೇ ಇರುವ ಕೀಟ ಆ ಹಿಕ್ಕೆಯನ್ನು ತಿನ್ನುತ್ತದೆ. ಮೂವರಿಗೂ ಒಂದೇ ಕಡೆ ಆಹಾರ ಸಿಗುವ ಈ ಏರ್ಪಾಡನ್ನು ಮುರಿಯಬೇಕು.

ಧಾನ್ಯ, ಹಿಟ್ಟುಗಳನ್ನು ಬಿಗಿ ಮುಚ್ಚಳದ ಗಾಜಿನ ಅಥವಾ ಲೋಹದ ಡಬ್ಬಿಗಳಿಗೆ ವರ್ಗಾಯಿಸಿ. ತೆಳು ಪ್ಲಾಸ್ಟಿಕ್ಕನ್ನು ಇಲಿ ಕಡಿದು ತೂತು ಮಾಡುತ್ತದೆ. ಡಬ್ಬಿ ಬರಿದಾದಾಗ ತಳದಲ್ಲಿ ಉಳಿದ ಹಳೆಯ ಹಿಟ್ಟಿನ ಮೇಲೆಯೇ ಹೊಸದನ್ನು ಸುರಿಯದೆ, ತೊಳೆದು, ಪೂರ್ತಿ ಒಣಗಿಸಿ ತುಂಬಿ. ಹೊಸದಾಗಿ ತಂದ ಹಿಟ್ಟನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟರೆ ಅದರಲ್ಲಿರುವ ಕೀಟ, ಮರಿ, ಮೊಟ್ಟೆಗಳೆಲ್ಲ ಸಾಯುತ್ತವೆ. ಇಲಿಯ ಹಿಕ್ಕೆ ಕಂಡ ಧಾನ್ಯವನ್ನು ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಅದನ್ನು ಎಸೆದುಬಿಡಿ. ಕೀಟ ಮಾತ್ರ ಕಂಡಿದ್ದರೂ, ಜೊತೆಗೆ ಮನೆಯಲ್ಲಿ ಇಲಿಯ ಓಡಾಟವೂ ಇದ್ದರೆ, ಹಾಗೆಯೇ ಮಾಡುವುದು ಲೇಸು. ಚೆನ್ನಾಗಿ ಬೇಯಿಸಿದ ಆಹಾರದಲ್ಲಿ ಮರಿಹುಳು ಉಳಿಯದು. ಅಪಾಯ ಇರುವುದು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳುವುದರಲ್ಲಿ, ಬೇಯಿಸದೆ ತಿನ್ನುವ ಧಾನ್ಯದಲ್ಲಿ, ಮತ್ತು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಪುಟ್ಟ ಮಕ್ಕಳ ಕೈಯಲ್ಲಿ. ಈ ಹುಳು ತಗಲಿದವರಲ್ಲಿ ಹೆಚ್ಚಿನವರು ಮಕ್ಕಳೇ ಆಗಿರುವುದು ಇದರಿಂದಲೇ.

ತೂತು ಮುಚ್ಚಿ, ಕಸ ಮುಚ್ಚಿ

ಸಣ್ಣ ಇಲಿಗೆ ಪೆನ್ಸಿಲ್ ದಪ್ಪದ, ಅಂದರೆ 6 ಮಿಲಿಮೀಟರ್ ಸಂದು ಸಾಕು. ದೊಡ್ಡ ಇಲಿಗೆ 12 ಮಿಲಿಮೀಟರ್. ಸಣ್ಣ ತೂತಿಗೆ ಉಕ್ಕಿನ ನಾರನ್ನು ತುರುಕಿ ಮೇಲೆ ಗಾರೆ ಹಚ್ಚಿ, ದೊಡ್ಡದಕ್ಕೆ ತಂತಿಜಾಲರಿ ಅಥವಾ ಸಿಮೆಂಟ್ ಬೇಕು. ರಾತ್ರಿ ಕಸದ ಡಬ್ಬಿ ತೆರೆದಿರಬಾರದು. ವಿಷ ಇಡುವುದಕ್ಕಿಂತ ಬೋನು ಮೇಲು: ವಿಷ ತಿಂದು ನಿಧಾನಗೊಂಡ ಇಲಿ ಬೆಕ್ಕಿಗೆ ಸುಲಭವಾಗಿ ಸಿಕ್ಕಿ ಬೆಕ್ಕಿಗೂ ವಿಷವೇರಬಹುದು, ಕಾಣದ ಸಂದಿಯಲ್ಲಿ ಸತ್ತರೆ ಹೆಣ ತೆಗೆಯುವುದೂ ಕಷ್ಟ.

ಬೆಕ್ಕು, ನಾಯಿ, ತೋಟ

ಇಲಿ ಹಿಡಿಯಲೆಂದೇ ಬೆಕ್ಕು ಸಾಕುವವರು ಒಂದನ್ನು ನೆನಪಿಡಬೇಕು: ಬೇಟೆಯಾಡುವ ಬೆಕ್ಕಿಗೆ ಲಾಡಿಹುಳು ಮತ್ತೆ ಮತ್ತೆ ತಗಲುತ್ತದೆ. ಹೊಟ್ಟೆ ತುಂಬ ಆಹಾರ ಕೊಡಿ, ಸಾಧ್ಯವಾದಷ್ಟು ಮನೆಯೊಳಗಿರಿಸಿ, ಪಶುವೈದ್ಯರು ಹೇಳಿದ ಅವಧಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕ ಕೊಡಿಸಿ. ಚಿಗಟಗಳ ನಿವಾರಣೆಯೂ ಜೊತೆಗೇ ನಡೆಯಲಿ. ಎಕಿನೊಕಾಕಸ್ ಇರುವ ಸೀಮೆಗಳಲ್ಲಿ, ಇಲಿ ಹಿಡಿದು ತಿನ್ನುವ ನಾಯಿಗೆ ತಿಂಗಳಿಗೊಮ್ಮೆ ಈ ಔಷಧ ಕೊಡಿಸುವುದು ರೂಢಿ. ಅಲ್ಲಿ ನರಿಗಳು ಸುಳಿಯುವ ತೋಟದ ಸೊಪ್ಪು, ನೆಲದಲ್ಲಿ ಬಿದ್ದ ಹಣ್ಣುಗಳನ್ನು ಬೇಯಿಸಿಯೇ ತಿನ್ನಬೇಕು. ಹಿಟ್ಟಿನ ಕೀಟವನ್ನು ಕೊಲ್ಲುವ ಮನೆಯ ಫ್ರೀಜರ್ ಎಕಿನೊಕಾಕಸ್ ಮೊಟ್ಟೆಯನ್ನು ಕೊಲ್ಲಲಾರದು. ಅದಕ್ಕೆ ಮೈನಸ್ 80 ಡಿಗ್ರಿಯಲ್ಲಿ ಎರಡು ದಿನ ಬೇಕು.

ವೈದ್ಯರ ಬಳಿಗೆ ಯಾವಾಗ?

ಹೈಮೆನೊಲೆಪಿಸ್ ಹುಳುಗಳು ಕಡಿಮೆ ಇದ್ದಾಗ ಯಾವ ತೊಂದರೆಯೂ ಕಾಣದಿರಬಹುದು. ಹೆಚ್ಚಾದಾಗ ಹೊಟ್ಟೆನೋವು, ಭೇದಿ, ಹಸಿವಿಲ್ಲದಿರುವುದು, ಗುದದ ಸುತ್ತ ತುರಿಕೆ, ಮಕ್ಕಳಲ್ಲಿ ಕಿರಿಕಿರಿ ಕಾಣಿಸಿಕೊಳ್ಳುತ್ತವೆ. ಇಂಥ ತೊಂದರೆ ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಿ, ಮನೆಯಲ್ಲಿ ಇಲಿಗಳಿವೆ ಎಂಬುದನ್ನು ಮರೆಯದೆ ತಿಳಿಸಿ. ಮಲ ಪರೀಕ್ಷೆಯಲ್ಲಿ ಮೊಟ್ಟೆ ಸಿಕ್ಕರೆ ಯಾವ ಹುಳುವೆಂದು ಗೊತ್ತಾಗುತ್ತದೆ. ಒಂದು ಸಲ ಸಿಗದಿದ್ದರೆ ಬೇರೆ ಬೇರೆ ದಿನಗಳ ಮಾದರಿಗಳನ್ನು ನೋಡಬೇಕಾಗುತ್ತದೆ. ಔಷಧ ಇಲ್ಲಿಯೂ ಪ್ರಾಜಿಕ್ವಾಂಟೆಲ್ಲೇ, ಆದರೆ ಪ್ರಮಾಣವನ್ನು ದೇಹದ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಪ್ರಾಣಿಗೆ ತಂದ ಮಾತ್ರೆಯನ್ನು ಮನುಷ್ಯರು ನುಂಗಕೂಡದು. ಸಿಕ್ಕಿದ್ದು ಕುಬ್ಜ ಲಾಡಿಹುಳುವಾದರೆ ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮತ್ತು ಚಿಕಿತ್ಸೆ ಮುಗಿದ ಕೆಲವು ವಾರಗಳ ಬಳಿಕ ಇನ್ನೊಮ್ಮೆ ಮಲ ಪರೀಕ್ಷೆ ಮಾಡಿಸಿ, ಹುಳು ಪೂರ್ತಿ ಹೋಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.