ದಾಕ್ಷಿಣ್ಯಕ್ಕೆ ಸಹಿ ಹಾಕಿದ ಮನೆ: ಒಂಟಾರಿಯೊಗೆ ಹೊಸದಾಗಿ ಬಂದವರಿಗೆ

ನಾನು ವಕೀಲನಲ್ಲ, ಏಜೆಂಟನೂ ಅಲ್ಲ. ಮನೆ ಕೊಡಿಸಿದ ಏಜೆಂಟ್ ಜೊತೆಗಿನ ತಗಾದೆಯಲ್ಲಿ ಹದಿನೆಂಟು ತಿಂಗಳು ಕಳೆದು, ಅರ್ಧ ದುಡ್ಡು ವಾಪಸ್ ಪಡೆದು, ಪೂರ್ತಿ ಸ್ನೇಹ ಕಳೆದುಕೊಂಡವನು. ಇಲ್ಲಿಗೆ ಹೊಸದಾಗಿ ಬಂದವರು ಆಗಾಗ ಫೋನ್ ಮಾಡಿ "ಏಜೆಂಟ್ ಹೀಗೆ ಮಾಡಿಬಿಟ್ಟರು, ಏನು ಮಾಡೋದು ಸಾರ್?" ಅಂತ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾವು ಟೊರಾಂಟೊ ಹತ್ತಿರದ ಮಿಲ್ಟನ್‌ನಲ್ಲಿ ಮನೆ ಕೊಂಡದ್ದು 2022ರ ಫೆಬ್ರವರಿಯಲ್ಲಿ. ಆಗ ಇಲ್ಲಿದ್ದವರಿಗೆ ಆ ತಿಂಗಳ ಹೆಸರು ಕೇಳಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ ಇನ್ನೂ 0.25 ಪರ್ಸೆಂಟ್. ಒಂದೊಂದು ಮನೆಗೂ ಆಫರ್‌ಗಳ ರಾಶಿ. ಇನ್‌ಸ್ಪೆಕ್ಷನ್ ಬೇಕು, ಸಾಲ ಸಿಕ್ಕರೆ ಮಾತ್ರ ಕೊಳ್ಳುತ್ತೇವೆ ಅಂತ ಷರತ್ತು ಹಾಕಿದರೆ ನಿಮ್ಮ ಆಫರ್ ನೇರ ಕಸದ ಬುಟ್ಟಿಗೆ. ನಾವು ಆಗಲೇ ಮೂರು ಮನೆ ಕಳೆದುಕೊಂಡಿದ್ದೆವು. ನಾಲ್ಕನೆಯದು ಪೂರ್ವಕ್ಕೆ ಬಾಗಿಲಿದ್ದ ಮನೆ. ಇನ್ನೇನು ಬೇಕು? ಅಮ್ಮ ವಿಡಿಯೊ ಕಾಲ್‌ನಲ್ಲಿ ಮನೆ ನೋಡಿ ಕಣ್ಣು ಒರೆಸಿಕೊಂಡರು. ಷರತ್ತುಗಳನ್ನೆಲ್ಲ ಬಿಟ್ಟು ಆಫರ್ ಹಾಕಿದೆವು.

ಏಜೆಂಟ್ ನಮ್ಮವರೇ. ಮಗಳ ಶನಿವಾರದ ಕನ್ನಡ ಕ್ಲಾಸಿನಲ್ಲಿ ಪರಿಚಯ ಆದವರು. ಅವರ ಮಗಳೂ ನಮ್ಮ ಮಗಳೂ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಬಂದು ಮೂರು ವರ್ಷ ಆಗಿತ್ತು, ಆಫೀಸಿನಲ್ಲಿ ಒಂದು ಕನ್ನಡ ಪದ ಇಲ್ಲ. ಅಂಥಾದ್ದರಲ್ಲಿ "ಏನ್ರೀ, ಊಟ ಆಯ್ತಾ?" ಅಂತ ಶುರು ಮಾಡುವ ಏಜೆಂಟ್ ಸಿಕ್ಕರೆ ಕರಗಿಹೋಗದೆ ಇರುತ್ತೇವಾ?

ಊರಲ್ಲಿ ಒಂದು ಸೈಟ್ ಕೊಳ್ಳಬೇಕಾದರೆ ನಾವು ಏನೆಲ್ಲ ಮಾಡುತ್ತೇವೆ ನೋಡಿ. ಇಸಿ ತೆಗೆಸುತ್ತೇವೆ, ಖಾತೆ ಯಾರ ಹೆಸರಲ್ಲಿದೆ ನೋಡುತ್ತೇವೆ, ಮೂಲಪತ್ರ ಹಿಡಿದು ವಕೀಲರ ಹತ್ತಿರ ಹೋಗುತ್ತೇವೆ. ಪಕ್ಕದ ಮನೆಯವರನ್ನೂ ಕೇಳುತ್ತೇವೆ. ಸ್ವಂತ ಚಿಕ್ಕಪ್ಪ ಮಾರುತ್ತಿದ್ದರೂ ಬಿಡುವುದಿಲ್ಲ. ಇಲ್ಲಿ ಬಂದ ಮೇಲೆ ಆ ಬುದ್ಧಿ ಎಲ್ಲಿಗೆ ಹೋಯಿತೋ. ರಾತ್ರಿ ಹನ್ನೊಂದೂವರೆಗೆ ಫೋನಿನಲ್ಲಿ ಬಂದ ಕಾಗದಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಹಿ ಮಾಡಿದೆ. ಅದರಲ್ಲಿ "ಬಾಡಿಗೆ ಉಪಕರಣಗಳು" ಅಂತ ಒಂದು ಸಾಲು ಇತ್ತು. ಹಾಟ್ ವಾಟರ್ ಟ್ಯಾಂಕ್, ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಫರ್ನೇಸ್, ಎಸಿ. ಕಣ್ಣಿಗೆ ಬಿತ್ತು. ಫೋನ್ ಮಾಡಿ ಕೇಳಿಯೂ ಕೇಳಿದೆ. "ಅದೆಲ್ಲ ಮಾಮೂಲಿ ಸಾಲು ಕಣ್ರೀ, ಫರ್ನೇಸ್ ಹೊಸದು, ಎಲ್ಲ ಮನೆ ಜೊತೆಗೇ ಬರುತ್ತೆ" ಅಂದರು. ಹೊಸದೇ, ಸುಳ್ಳಲ್ಲ. ಬಾಡಿಗೆಗೆ ಹಾಕಿಸಿದ್ದು ಹೊಸದಾಗಿ ಇರದೆ ಇನ್ನೇನು?

ಬೇಸ್‌ಮೆಂಟಿಗೆ ನಾನೇ ಇಳಿದಿದ್ದೆ. ಫರ್ನೇಸ್ ಮೇಲೆ ಬಾಡಿಗೆ ಕಂಪನಿಯ ಸ್ಟಿಕ್ಕರ್ ಫೋನ್ ನಂಬರ್ ಸಮೇತ ಇತ್ತು. ನಾನು ಮಾತ್ರ ದಿಕ್ಸೂಚಿ ಹಿಡಿದು ಈಶಾನ್ಯ ಮೂಲೆ ಹುಡುಕುತ್ತಿದ್ದೆ.

ಕ್ಲೋಸಿಂಗ್, ಅಂದರೆ ಪೂರ್ತಿ ದುಡ್ಡು ಕೊಟ್ಟು ಮನೆ ಕೈಗೆ ಬರುವ ದಿನ, ಮೇ ತಿಂಗಳಲ್ಲಿ. ಅದಕ್ಕೆ ಒಂದು ವಾರ ಮೊದಲು ವಕೀಲರ ಫೋನ್ ಬಂತು. ಮನೆಯ ಟೈಟಲ್ ಮೇಲೆ ನೋಸಿ ಕೂತಿದೆ ಅಂದರು. ನೋಸಿ ಅಂದರೆ ನೋಟಿಸ್ ಆಫ್ ಸೆಕ್ಯುರಿಟಿ ಇಂಟರೆಸ್ಟ್. ಬಾಡಿಗೆ ಕಂಪನಿ ತನ್ನ ಸಾಮಾನಿಗೆ ಬರಬೇಕಾದ ದುಡ್ಡಿನ ಲೆಕ್ಕವನ್ನು ಮನೆಯ ದಾಖಲೆಯ ಮೇಲೇ ನೋಂದಾಯಿಸುವುದು. ಜನರಿಗೆ ಇದರಿಂದ ಎಷ್ಟು ಕಾಟ ಆಯಿತು ಅಂದರೆ, 2024ರ ಜೂನ್‌ನಲ್ಲಿ ಒಂಟಾರಿಯೊ ಸರ್ಕಾರ ಮನೆಬಳಕೆಯ ಉಪಕರಣಗಳಿಗೆ ಇಂಥ ನೋಟಿಸ್ ಹಾಕುವುದನ್ನೇ ನಿಲ್ಲಿಸಿತು. ನಮ್ಮ ಪಾಲಿಗೆ ಎರಡು ವರ್ಷ ತಡ. ಮೂರಕ್ಕೂ ಸೇರಿ ತಿಂಗಳಿಗೆ 189 ಡಾಲರ್, ಹತ್ತು ವರ್ಷದ ಕರಾರು. ಒಂದೇ ಸಲ ತೀರಿಸಬೇಕೆಂದರೆ 11,400.

ಆ ಸಿಟ್ಟಿನಲ್ಲಿ "ನಾನು ಮನೆಯನ್ನೇ ತಗೊಳಲ್ಲ" ಅಂತ ಕೂಗಾಡಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಜಗಳ ಏಜೆಂಟ್ ಜೊತೆ. ಮನೆಯ ಕರಾರು ಮಾರುವವರ ಜೊತೆ. ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಳ್ಳಲು ಹೋಗಬೇಡಿ. ಕ್ಲೋಸಿಂಗ್ ದಿನ ಕೈ ಎತ್ತಿದರೆ ಮುಂಗಡ ಕೊಟ್ಟ ಡೆಪಾಸಿಟ್ ಹೋಗುತ್ತದೆ. ಆ ಮನೆ ಆಮೇಲೆ ಕಡಿಮೆ ಬೆಲೆಗೆ ಮಾರಾಟವಾದರೆ ವ್ಯತ್ಯಾಸವನ್ನೂ ನಿಮ್ಮಿಂದಲೇ ಕೇಳಬಹುದು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿತ್ತು, ಬೆಲೆ ಇಳಿಯತೊಡಗಿತ್ತು. ಹಾಗೆ ಕೈ ಎತ್ತಿ ಕೋರ್ಟು ಅಲೆದವರು ಎಷ್ಟೋ ಮಂದಿ. ವಕೀಲರು ತಣ್ಣಗೆ ಹೇಳಿದರು: "ಮೊದಲು ಮನೆ ತಗೊಳ್ಳಿ. ಆಮೇಲೆ ಜಗಳ ಆಡಿ." ಅವರು ಏಜೆಂಟ್ ತೋರಿಸಿದ ವಕೀಲರಲ್ಲ, ನಾವೇ ಹುಡುಕಿಕೊಂಡವರು. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು.

ಬಂದ ದಿನವೇ ಡೆಪಾಸಿಟ್ ಬಗ್ಗೆ ಕೇಳುವವರು ಜಾಸ್ತಿ, ಅದಕ್ಕೆ ಒಂದು ಮಾತು. ಆ ದುಡ್ಡು ಸಾಮಾನ್ಯವಾಗಿ ಮಾರುವವರ ಕಡೆಯ ಬ್ರೋಕರೇಜ್‌ನ, ಅಂದರೆ ಅವರ ಏಜೆಂಟ್ ಕೆಲಸ ಮಾಡುವ ಕಂಪನಿಯ, ಟ್ರಸ್ಟ್ ಖಾತೆಯಲ್ಲಿ ಇರುತ್ತದೆ. ವ್ಯವಹಾರ ಮುರಿದುಬಿದ್ದರೆ ಎರಡೂ ಕಡೆಯವರು ಒಪ್ಪಿ ಮ್ಯೂಚುಯಲ್ ರಿಲೀಸ್‌ಗೆ ಸಹಿ ಹಾಕಬೇಕು, ಇಲ್ಲವೇ ಕೋರ್ಟ್ ಆದೇಶ ಬೇಕು. ಏಜೆಂಟ್ ಹತ್ತಿರ ಕೂಗಾಡಿದರೆ ಅದು ಬರುವುದಿಲ್ಲ.

ಇನ್ನೊಂದು ತಗಾದೆ ಕ್ಯಾಶ್‌ಬ್ಯಾಕ್‌ದು. ನಮ್ಮ ಜನರಲ್ಲಿ ಇದು ಮನೆಮನೆ ಕಥೆ. ಕೊಳ್ಳುವವರ ಏಜೆಂಟಿಗೆ ಸಾಮಾನ್ಯವಾಗಿ ಎರಡೂವರೆ ಪರ್ಸೆಂಟ್ ಕಮಿಷನ್, ಅದರ ಮೇಲೆ 13 ಪರ್ಸೆಂಟ್ ಎಚ್‌ಎಸ್‌ಟಿ ತೆರಿಗೆ. "ಅದರಲ್ಲಿ ಒಂದು ಪರ್ಸೆಂಟ್ ನಿಮಗೆ ವಾಪಸ್ ಕೊಡ್ತೀನಿ" ಅಂದಿದ್ದರು. ಬರೆದು ಕೊಡಿ ಅಂತ ಕೇಳಲು ನನ್ನ ನಾಲಿಗೆ ಏಳಲಿಲ್ಲ. ಅಣ್ಣನ ಹತ್ತಿರ ಬರೆಸಿಕೊಳ್ಳುವುದಾ? ಛೆ. ಕ್ಲೋಸಿಂಗ್ ಆದ ಮೇಲೆ ಕೇಳಿದರೆ "ನೋಡೋಣ, ಬ್ರೋಕರೇಜ್‌ನವರು ಜಾಸ್ತಿ ಹಿಡಿದುಕೊಂಡಿದ್ದಾರೆ" ಅಂದರು. ಆ ನೋಡೋಣ ಇವತ್ತಿಗೂ ನೋಡೋಣವಾಗಿಯೇ ಇದೆ.

ಆಮೇಲೆ ನನಗೆ ಅರ್ಥ ಆಯಿತು. ಇಲ್ಲಿ ನಿಮ್ಮ ಒಪ್ಪಂದ ಏಜೆಂಟ್ ಜೊತೆ ಅಲ್ಲ, ಅವರು ಕೆಲಸ ಮಾಡುವ ಬ್ರೋಕರೇಜ್ ಜೊತೆ. ಕಮಿಷನ್ ಅವರಿಗೆ ಬರುವುದೂ ಬ್ರೋಕರೇಜ್ ಮೂಲಕವೇ. ಹಾಗಾಗಿ ಕ್ಯಾಶ್‌ಬ್ಯಾಕ್ ಅಂದರೆ ಬ್ರೋಕರೇಜ್ ಜೊತೆಗಿನ ಒಪ್ಪಂದದಲ್ಲೇ ಆ ಸಾಲು ಇರಬೇಕು. ಏಜೆಂಟಿನ ಬಾಯಿಮಾತು, ವಾಟ್ಸಾಪ್‌ನ ಹೆಬ್ಬೆಟ್ಟು, ಇವನ್ನು ನಂಬಿ ಕೂರಬೇಡಿ. ನಮ್ಮೂರಲ್ಲಿ ಬ್ರೋಕರ್ ಅಂದರೆ ಸ್ಕೂಟರ್‌ನಲ್ಲಿ ಬಂದು ಮನೆ ತೋರಿಸುವವನು. ಇಲ್ಲಿ ಬ್ರೋಕರ್ ಅನ್ನುವುದು ಮೇಲಿನ ದರ್ಜೆಯ ಲೈಸೆನ್ಸ್. ಇಡೀ ಕಂಪನಿಗೆ ಜವಾಬ್ದಾರರಾದವರು ಬ್ರೋಕರ್ ಆಫ್ ರೆಕಾರ್ಡ್. ಈ ಹೆಸರು ನೆನಪಿಟ್ಟುಕೊಳ್ಳಿ, ಜಗಳ ಬಂದಾಗ ಕೆಲಸಕ್ಕೆ ಬರುತ್ತದೆ.

ಜಗಳ ಬಂದ ಕೂಡಲೇ ನಾನು ಅವರಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಹದಿನೈದು ತಿಂಗಳು ಸುಮ್ನೆ ಇದ್ದೆ. ಗೃಹಪ್ರವೇಶ ಮುಗೀಲಿ ಅಂದುಕೊಂಡೆ. ದಸರಾ ಮುಗೀಲಿ. ಮಕ್ಕಳ ಪರೀಕ್ಷೆ ಮುಗೀಲಿ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಅಂತ ಅಜ್ಜಿ ಅನ್ನುತ್ತಿದ್ದರು. ನಾನು ತಿಂಗಳು ತಿಂಗಳೂ 189 ಡಾಲರ್ ಕೊಟ್ಟುಕೊಂಡು ಹೆರುತ್ತಿದ್ದೆ. ಒಂಟಾರಿಯೊದಲ್ಲಿ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಅವಕಾಶ, ಅದೂ ವಿಷಯ ಗೊತ್ತಾದ ದಿನದಿಂದ. ಅದರಲ್ಲಿ ಹದಿನೈದು ತಿಂಗಳನ್ನು ಸಂಕೋಚಕ್ಕೆ ದಾನ ಮಾಡಿದ್ದೆ.

ಕೊನೆಗೆ 2023ರ ಆಗಸ್ಟ್‌ನಲ್ಲಿ ಬ್ರೋಕರ್ ಆಫ್ ರೆಕಾರ್ಡ್‌ಗೆ ಇಮೇಲ್ ಬರೆದೆ. ಮೊದಲ ಸಲ ಬರೆದದ್ದು ಮೂರು ಪುಟ. ಅದರಲ್ಲಿ ನಂಬಿಕೆ, ದ್ರೋಹ, ಕನ್ನಡ, ಎಲ್ಲ ಇತ್ತು. ಹೆಂಡತಿ ಓದಿ "ಇದೇನು, ಅಳಿಯನಿಗೆ ಬರೆದ ಕಾಗದ ಇದ್ದ ಹಾಗಿದೆ" ಅಂತ ಅಳಿಸಿಹಾಕಿದಳು. ಎರಡನೆಯದು ಅರ್ಧ ಪುಟ. ಯಾವ ದಿನ ಏನು ಕೇಳಿದೆ, ಏನು ಉತ್ತರ ಬಂತು, ಎಷ್ಟು ಖರ್ಚಾಯಿತು, ಏನು ಬೇಕು, ಎರಡು ವಾರದಲ್ಲಿ ಉತ್ತರ ಕೊಡಿ. ಜೊತೆಗೆ ಕಾಗದಗಳು. ನೀವೂ ಹಾಗೇ ಬರೆಯಿರಿ, ಇಂಗ್ಲಿಷ್‌ನಲ್ಲಿ, ತಾರೀಖಿನ ಪ್ರಕಾರ.

ನನ್ನ ಹತ್ತಿರ ಸಾಕ್ಷಿ ಏನಿತ್ತು? ಫೋನಿನಲ್ಲಿ ಕನ್ನಡದಲ್ಲಿ ಆಡಿದ ಮಾತು ಗಾಳಿಗೆ ಹೋಗಿತ್ತು. ಒಂದೇ ಒಂದು ವಾಟ್ಸಾಪ್ ಮೆಸೇಜ್ ಉಳಿದಿತ್ತು: "ಫರ್ನೇಸ್, ಎಸಿ ನಿಮ್ಮದೇ, ಟೆನ್ಷನ್ ಬೇಡ." ಅದೇ ಕಾಪಾಡಿತು. ಕ್ಯಾಶ್‌ಬ್ಯಾಕ್ ಬಗ್ಗೆ ಅಂಥದ್ದು ಒಂದೂ ಇರಲಿಲ್ಲ, ಅದಕ್ಕೆ ಸೊನ್ನೆ. ಯಾರಾದರೂ ಫೋನಿನಲ್ಲಿ ಮಾತು ಕೊಟ್ಟರೆ ಅರ್ಧ ಗಂಟೆಯೊಳಗೆ "ನೀವು ಈಗ ಹೇಳಿದ್ದು ಇಷ್ಟು, ಸರೀನಾ?" ಅಂತ ಒಂದು ಇಮೇಲ್ ಹಾಕಿಬಿಡಿ. ಒರಟು ಅನ್ನಿಸುತ್ತದೆ. ಇಲ್ಲಿನವರಿಗೆ ಹಾಗೆ ಅನ್ನಿಸುವುದಿಲ್ಲ, ಅದೇ ವಿಚಿತ್ರ.

ನವೆಂಬರ್‌ನಲ್ಲಿ ಬ್ರೋಕರೇಜ್ 5,500 ಡಾಲರ್ ಕೊಡಲು ಒಪ್ಪಿತು. ಜೊತೆಗೆ ಒಂದು ರಿಲೀಸ್ ಪತ್ರ. ಅದಕ್ಕೆ ಸಹಿ ಹಾಕಿದರೆ ಆ ವಿಷಯದಲ್ಲಿ ಮತ್ತೆ ದುಡ್ಡು ಕೇಳುವಂತಿಲ್ಲ. ಈ ಸಲ ರಾತ್ರಿ ಹನ್ನೊಂದೂವರೆಗೆ ಒತ್ತಲಿಲ್ಲ. ವಕೀಲರಿಗೆ ತೋರಿಸಿ, ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು ಓದಿ ಸಹಿ ಮಾಡಿದೆ.

ಅಲ್ಲೂ ಬಗೆಹರಿಯದಿದ್ದರೆ ಎರಡು ದಾರಿ ಇವೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಏಜೆಂಟ್‌ಗಳ ಮೇಲೆ ನಿಗಾ ಇಡುವುದು ರೆಕೋ, ಅಂದರೆ ರಿಯಲ್ ಎಸ್ಟೇಟ್ ಕೌನ್ಸಿಲ್ ಆಫ್ ಒಂಟಾರಿಯೊ. ಅಲ್ಲಿ ದೂರು ಕೊಡಲು ದುಡ್ಡು ಬೇಡ. ಎಚ್ಚರಿಕೆ ಕೊಡಬಹುದು, ಶಿಸ್ತು ಸಮಿತಿಯ ಮುಂದೆ ನಿಲ್ಲಿಸಬಹುದು. ಆ ಸಮಿತಿ ಏಜೆಂಟಿಗೆ 50,000, ಬ್ರೋಕರೇಜ್‌ಗೆ 1,00,000 ಡಾಲರ್‌ವರೆಗೆ ದಂಡ ಹಾಕಬಹುದು. ಆದರೆ ಆ ದಂಡ ನಿಮ್ಮ ಜೇಬಿಗೆ ಬರುವುದಿಲ್ಲ. ನಿಮ್ಮ ನಷ್ಟ ತುಂಬಿಸಿಕೊಡುವ ಕೆಲಸ ರೆಕೋದ್ದಲ್ಲ. ದುಡ್ಡು ಬೇಕಾದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್. ಮೊದಲು ಅಲ್ಲಿ 35,000 ಡಾಲರ್‌ವರೆಗಿನ ದಾವೆ ಮಾತ್ರ ಹಾಕಬಹುದಿತ್ತು, 2025ರ ಅಕ್ಟೋಬರ್ 1ರಿಂದ ಅದು 50,000 ಆಗಿದೆ. ವಕೀಲರಿಲ್ಲದೆ ನೀವೇ ನಿಂತು ವಾದ ಮಾಡಬಹುದು.

ನಾನು ರೆಕೋಗೆ ದೂರು ಕೊಡಲಿಲ್ಲ. ಬರೆದಿಟ್ಟಿದ್ದೆ, ಕಳಿಸಲಿಲ್ಲ. ನಮ್ಮವರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ ಆಗುತ್ತದೆ ಅನ್ನಿಸಿತು. ಆರು ತಿಂಗಳ ನಂತರ ಇನ್ನೊಂದು ಕುಟುಂಬ ಅದೇ ಏಜೆಂಟ್, ಅದೇ ಫರ್ನೇಸ್ ಕಥೆ ಹೇಳಿಕೊಂಡು ಬಂದಾಗ ತಲೆ ಎತ್ತಿ ಮಾತಾಡಲು ಆಗಲಿಲ್ಲ. ನಿಮಗೆ ತಪ್ಪು ಅನ್ನಿಸಿದರೆ ಕೊಡಿ. ನನ್ನ ಹಾಗೆ ಡ್ರಾಫ್ಟ್‌ನಲ್ಲಿ ಇಟ್ಟುಕೊಳ್ಳಬೇಡಿ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಪಿಆರ್ (ಕಾಯಂ ವಾಸದ ಅನುಮತಿ) ಇಲ್ಲದೆ ವರ್ಕ್ ಪರ್ಮಿಟ್ ಮೇಲಿದ್ದರೆ, ಮನೆ ಕೊಳ್ಳಲು ನಿಮಗೆ ಅನುಮತಿ ಇದೆಯಾ, ಹೊರಗಿನವರಿಗೆ ಹಾಕುವ 25 ಪರ್ಸೆಂಟ್ ತೆರಿಗೆ ಬೀಳುತ್ತದಾ ಅಂತ ಮೊದಲೇ ವಕೀಲರನ್ನು ಕೇಳಿ. 2023ರ ಡಿಸೆಂಬರ್ 1ರಿಂದ ಟ್ರೆಸಾ ಅನ್ನುವ, ಏಜೆಂಟ್‌ಗಳ ಕೆಲಸಕ್ಕೆ ಸಂಬಂಧಿಸಿದ ಕಾನೂನಿನ ಹೊಸ ನಿಯಮಗಳು ಬಂದಿವೆ. ಏಜೆಂಟ್ ಕೆಲಸ ಶುರು ಮಾಡುವ ಮೊದಲೇ ರೆಕೋದ ಮಾಹಿತಿ ಪುಸ್ತಕ ಕೊಟ್ಟು ವಿವರಿಸಬೇಕು. ಕೊಡದಿದ್ದರೆ ಕೇಳಿ. ಬ್ರೋಕರೇಜ್ ಜೊತೆ ಮಾಡಿಕೊಳ್ಳುವ ಕೊಳ್ಳುವವರ ಒಪ್ಪಂದದಲ್ಲಿ ಅವಧಿ ನೋಡಿ, ಒಂದು ವರ್ಷಕ್ಕೆ ಕಟ್ಟಿಹಾಕಿಕೊಳ್ಳಬೇಡಿ. ಅವಧಿ ಮುಗಿದ ಮೇಲೂ ಕೆಲವು ವಾರ ನಡೆಯುವ ಹೋಲ್ಡ್‌ಓವರ್ ಸಾಲು ಇರುತ್ತದೆ. ಅವರು ತೋರಿಸಿದ ಮನೆಯನ್ನು ಆ ವಾರಗಳಲ್ಲಿ ಬೇರೆಯವರ ಮೂಲಕ ಕೊಂಡರೆ ಇವರಿಗೂ ಕಮಿಷನ್ ಕೊಡಬೇಕಾಗಬಹುದು. ಇನ್ನೊಂದು, ಬಳಸಿದ ಮನೆ ಕೊಂಡ ಮೇಲೆ ಮನಸ್ಸು ಬದಲಾಯಿಸಲು ಇಲ್ಲಿ ದಿನಗಳಿಲ್ಲ. ಬಿಲ್ಡರ್‌ನಿಂದ ಕೊಳ್ಳುವ ಹೊಸ ಕಾಂಡೊಗೆ ಹತ್ತು ದಿನ ಇದೆ. ಬೇಸ್‌ಮೆಂಟಿಗೆ ಇಳಿದಾಗ ದಿಕ್ಸೂಚಿ ಜೇಬಿನಲ್ಲಿಟ್ಟು ಸ್ಟಿಕ್ಕರ್ ಓದಿ.

ಕನ್ನಡದ ಏಜೆಂಟ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯವರೂ ಇದ್ದಾರೆ. ಅಪ್ಪ ಅಮ್ಮ ಬಂದಾಗ ಅವರ ಜೊತೆ ಮನೆ ನೋಡುತ್ತಾ ಕನ್ನಡದಲ್ಲಿ ಮಾತಾಡುವವರು ಇದ್ದರೆ ಅದರ ಸುಖವೇ ಬೇರೆ. ನನಗೆ ಬೇಕಾಗಿದ್ದುದು ಏಜೆಂಟ್ ಅಲ್ಲ, ಅಣ್ಣ. ಆ ಕೆಲಸಕ್ಕೆ ಅವರಿಗೆ ಯಾರೂ ಲೈಸೆನ್ಸ್ ಕೊಟ್ಟಿರಲಿಲ್ಲ, ಪಾಪ.

ಕಳೆದುಹೋದದ್ದರ ಲೆಕ್ಕ ಡಾಲರ್‌ನಲ್ಲಿ ಸಿಗುವುದಿಲ್ಲ. ಶನಿವಾರದ ಕಾರು ನಿಂತಿತು. ಕೆಲವು ತಿಂಗಳಲ್ಲಿ ಮಗಳು ಕನ್ನಡ ಕ್ಲಾಸಿಗೇ ಹೋಗುವುದಿಲ್ಲ ಅಂದಳು. "ಅವಳಿಲ್ಲದೆ ಬೋರ್ ಆಗುತ್ತೆ" ಅಂತ, ಅದೂ ಇಂಗ್ಲಿಷ್‌ನಲ್ಲಿ. ಓದಲು ಕಲಿತದ್ದು ಒತ್ತಕ್ಷರದ ಹತ್ತಿರ ಬಂದು ನಿಂತಿದೆ. ಅದಕ್ಕೆ ಯಾವ ಕೋರ್ಟಿಗೆ ಹೋಗುವುದು?

ಹೋದ ಚಳಿಗಾಲ ಮಗಳ ಹುಟ್ಟುಹಬ್ಬಕ್ಕೆ ಆ ಹುಡುಗಿಯನ್ನೂ ಕರೆದಿದ್ದಳು, ನಮ್ಮನ್ನು ಕೇಳದೆ. ಬಿಡಲು ಅವರೇ ಬಂದರು. ಹೊರಗೆ ಮೈನಸ್ ಹದಿನೆಂಟು. ಬಾಗಿಲ ಹತ್ತಿರ ನಿಂತವರನ್ನು ಒಳಗೆ ಬನ್ನಿ ಅಂತ ಕರೆದೆ. ಬಂದರು. ಕೈಗವಸು ತೆಗೆದು, ನೆಲದ ವೆಂಟಿನಿಂದ ಬರುವ ಬಿಸಿಗಾಳಿಗೆ ಕೈ ಒಡ್ಡಿ ಸ್ವಲ್ಪ ಹೊತ್ತು ನಿಂತರು. ಏನಾದರೂ ಮಾತಾಡಬೇಕಲ್ಲ.

"ಫರ್ನೇಸ್ ಚೆನ್ನಾಗಿದೆಯಾ?" ಅಂದರು.

ಚೆನ್ನಾಗಿದೆ ಅಂದೆ.